ಗೋಡೆಯಾಚೆಯ ವಿಮರ್ಶಕಿ

“ನಾನು ವಿಮರ್ಶೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ” ಎಂದು ಯಾವ ಕಥೆಗಾರರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಯಾದಗಿರಿಯಲ್ಲಿ ನನ್ನ ಕಥಾಸಂಕಲನ ಬಿಡುಗಡೆಯಾದ ದಿನ, ಹೊದಿಸಿದ ಶಾಲು ಜಾರದಂತೆ ಹಿಡಿದುಕೊಂಡು ನಾನೂ ಈ ಮಾತನ್ನೇ ಆಡಿದ್ದೆ. ಜನ ಚಪ್ಪಾಳೆಯನ್ನೂ ತಟ್ಟಿದ್ದರು. ಮರುದಿನದಿಂದಲೇ ನಮ್ಮೂರು ಶಹಾಪುರದ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಮುಂದೆ ನಿಂತು, ಕೊಳ್ಳದ ಪತ್ರಿಕೆಗಳ ಪುರವಣಿಗಳನ್ನೂ ತಿರುವಿ ಹಾಕತೊಡಗಿದೆ. ಬಿಡುಗಡೆಯ ದಿನ ಪುಸ್ತಕದ ಬಗ್ಗೆ ಮಾತಾಡಿದವರು ಬಹಳ ಹೊತ್ತು ಹೊಗಳಿದ್ದೇನೋ ನಿಜ. ಆದರೆ ಅವರು ಮತ್ತೆ ಮತ್ತೆ ಮೆಚ್ಚಿಕೊಂಡದ್ದು ಬೆನ್ನುಡಿಯಲ್ಲಿ ಹೆಸರಿದ್ದ ಒಂದೇ ಕಥೆಯನ್ನು. ಉಳಿದವನ್ನು “ನೀವೇ ಓದಿ ಸವಿಯಿರಿ” ಎಂದು ಸಭಿಕರಿಗೆ ಬಿಟ್ಟರು. ಸಭಿಕರು ಸವಿದದ್ದು ಹೊರಗಿಟ್ಟಿದ್ದ ಮಂಡಕ್ಕಿ ಸುಸಲಾ ಮತ್ತು ಮಿರ್ಚಿಯನ್ನು.

ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಸಂಜೆ ಕಚೇರಿಯಿಂದ ಬಂದು ಬೀಗ ತೆಗೆದರೆ, ಬೆಳಿಗ್ಗೆ ಕುಡಿದಿಟ್ಟ ಚಹಾದ ಕಪ್ಪು ಇಟ್ಟಲ್ಲೇ ಕೂತಿರುತ್ತದೆ. ಇಂಥ ಮನೆಯಲ್ಲಿ ಕಥೆ ಬರೆಯುವುದು ಸುಲಭ. ಯಾರೂ ಅಡ್ಡ ಬರುವುದಿಲ್ಲ. ಬರೆದು ಮುಗಿಸಿದ ಮೇಲೆಯೇ ಕಷ್ಟ; ಆಗಲೂ ಯಾರೂ ಅಡ್ಡ ಬರುವುದಿಲ್ಲ. ಪುಸ್ತಕ ಮಾಡುವುದೆಂದರೆ ಗುರುತಿಲ್ಲದ ಮನೆಗಳ ಬಾಗಿಲು ಬಡಿಯುತ್ತ ಹೋದ ಹಾಗೆ. ಬಾಗಿಲು ತೆಗೆಯದಿದ್ದರೂ ಒಳಗಿನಿಂದ ಒಬ್ಬರಾದರೂ “ಯಾರ್ರೀ ಅವರು” ಎಂದು ಕೇಳಬೇಡವೇ? ನನ್ನ ಪಾಲಿಗೆ ವಿಮರ್ಶೆ ಅಷ್ಟೇ. ಹೊಗಳದಿದ್ದರೂ ಸರಿ, ಒಬ್ಬರು ಕೊನೆಯ ಪುಟದವರೆಗೆ ಬಂದಿದ್ದಾರೆ ಎಂದು ಗೊತ್ತಾದರೆ ಸಾಕಿತ್ತು. ಸುರಪುರದ ಗೆಳತಿಗೆ ಪ್ರತಿ ಕಳಿಸಿದ್ದೆ. ಮುಖಪುಟ ಛಂದ ಅದ ಎಂದು ಫೋನಿನಲ್ಲಿ ಹೇಳಿ, ಮೊಣಕಾಲು ನೋವಿನ ವಿಷಯಕ್ಕೆ ಹೊರಳಿದಳು.

ಕಡೆಗೊಂದು ಭಾನುವಾರ ಹೆಸರು ಬಂತು. ಪತ್ರಿಕೆಯ ‘ಸಾದರ ಸ್ವೀಕಾರ’ದ ಅಂಕಣದಲ್ಲಿ, ಒಂದು ಜ್ಯೋತಿಷ್ಯದ ಪುಸ್ತಕಕ್ಕೂ ಸಕ್ಕರೆ ಕಾಯಿಲೆಯ ಪುಸ್ತಕಕ್ಕೂ ನಡುವೆ. ಕಳಿಸಿದ ಪುಸ್ತಕ ಮುಟ್ಟಿದೆ ಎಂಬ ರಸೀದಿ ಅದು. ಪುಟಗಳೆಷ್ಟು, ಬೆಲೆಯೆಷ್ಟು, ಅಷ್ಟೇ. ಆದರೆ ಸೋಮವಾರ ನಮ್ಮ ಕಚೇರಿಯ ಬಸಣ್ಣನವರು ಆ ತುಂಡನ್ನು ಕತ್ತರಿಸಿ ತಂದು, “ಮೇಡಂರೀ, ನಿಮ್ಮ ಪುಸ್ತಕದ ವಿಮರ್ಶೆ ಬಂದದ” ಎಂದು ಎಲ್ಲರಿಗೂ ತೋರಿಸಿದರು. ಬೈದಿದ್ದಾರೇನು ಎಂದು ಒಬ್ಬರು ಕೇಳಿದ್ದಕ್ಕೆ, ಒಂದು ಕೆಟ್ಟ ಶಬ್ದವೂ ಇಲ್ಲ ಎಂದು ಭರವಸೆ ಕೊಟ್ಟರು. ಇದು ವಿಮರ್ಶೆಯಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಎಲ್ಲರಿಗೂ ಚಹಾ, ಭಜಿ ಕೊಡಿಸಿದೆ. ಸಂಜೆ ಮನೆಗೆ ಬಂದು ಆ ತುಂಡನ್ನು ಇನ್ನೊಮ್ಮೆ ಓದಿದೆ. ಬೆಲೆ ತಪ್ಪಾಗಿರಲಿಲ್ಲ.

ನಿಜವಾಗಿ ಓದುತ್ತಿದ್ದವರು ಗೋಡೆಯಾಚೆಗಿದ್ದರು. ಪಕ್ಕದ ಮನೆಯ ರಬಿಯಾ ಆಪಾ ಉರ್ದು ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಮಗ, ಸೊಸೆ, ಮೊಮ್ಮಕ್ಕಳು, ಬಂದುಹೋಗುವ ನಾದಿನಿಯರು ಸೇರಿ ಮನೆ ಯಾವಾಗಲೂ ತುಂಬಿರುತ್ತದೆ. ಸಂಜೆ ಊಟಕ್ಕೆ ದಸ್ತರಖಾನ ಹಾಸಿ ಎಲ್ಲರೂ ಸುತ್ತ ಕೂತರೆ, ಈಚೆಗೆ ನನಗೆ ಯಾರಿಗೆ ಉಪ್ಪು ಕಡಿಮೆಯಾಯಿತು ಎಂಬುದೂ ಕೇಳುತ್ತದೆ. ಆಪಾ ತಾವಾಗಿಯೇ ಪುಸ್ತಕ ಕೇಳಿ ಒಯ್ದಿದ್ದರು. ಕನ್ನಡ ನಿಧಾನ ಓದ್ತೀನಿ, ಸಬೂರ್ ಮಾಡ್ರಿ ಎಂದಿದ್ದರು. ನನಗೆಲ್ಲಿಯ ಸಬೂರು? ಕರಿಬೇವು ಕೇಳುವ ನೆಪದಲ್ಲಿ ದಿನಾ ಹೋಗಿ ಪುಸ್ತಕದೊಳಗೆ ಗುರುತಿಗಿಟ್ಟ ಅವರ ಚಷ್ಮಾ ಯಾವ ಪುಟದಲ್ಲಿದೆ ಎಂದು ಕದ್ದು ನೋಡುತ್ತಿದ್ದೆ. ಮನೆಯಲ್ಲಿ ಕರಿಬೇವು ಒಣಗಿ ರಾಶಿ ಬಿತ್ತು. 

ಒಂದು ದಿನ ಆಪಾ ಪುಸ್ತಕದೊಂದಿಗೆ ತಾವೇ ಬಂದು ಕೂತರು. ಪೂರಾ ಓದಿದೆ ಎಂದರು. ಭಾಷೆ ಹೇಗಿದೆ, ಅಂತ್ಯ ಹೇಗಿದೆ ಎಂಬುದಕ್ಕೆಲ್ಲ ಉತ್ತರ ಹೊಂದಿಸಿಟ್ಟುಕೊಂಡಿದ್ದೆ. ಅವರು ಪುಸ್ತಕವನ್ನು ಮುಂದಿಟ್ಟು ಹೇಳಿದರು: “ಶಾಂತಕ್ಕ, ನಿಮ್ಮ ಕಥೀದಾಗಿನ ಮಂದಿ ಎಲ್ಲಾ ಒಬ್ಬೊಬ್ಬರೇ ಉಣತಾರಲ್ರಿ. ಮದುವಿ ಮನಿ ಕಥೀದಾಗೂ ಆ ಹೆಣ್ಮಗಳು ಎಲ್ಲಾರೂ ಹೋದಮ್ಯಾಲೆ ಒಬ್ಬಾಕೇ ಕುಂತು ಉಣತಾಳ. ಆಕಿನ್ನ ಊಟಕ್ಕ ಕರಿಯೋರು ಯಾರೂ ಇರ್ಲಿಲ್ಲೇನ್ರಿ?”

ಅದು ಸಾಂಕೇತಿಕ, ಒಂಟಿತನವನ್ನು ಧ್ವನಿಸುವ ತಂತ್ರ ಎಂದು ವಿವರಿಸಿದೆ. “ಹೌದೇನ್ರಿ. ಇರ್ಲಿ. ಓದಿ ಕೆಟ್ಟನಿಸ್ತು, ಅದಕ್ಕ ಹೇಳಿದೆ” ಎಂದು ಎದ್ದು ಹೋದರು. ನಾನು ಪುಸ್ತಕ ತೆಗೆದು ಕಥೆ ಕಥೆಯನ್ನೂ ಹುಡುಕಿದೆ. ಒಬ್ಬನು ಖಾನಾವಳಿಯ ಮೂಲೆಯಲ್ಲಿ, ಒಬ್ಬಳು ಅಡುಗೆಮನೆಯ ಕಟ್ಟೆಗೆ ಒರಗಿ, ಇನ್ನೊಬ್ಬ ಬಸ್ಸಿನಲ್ಲಿ ಬುತ್ತಿ ಬಿಚ್ಚಿ. ಇದೆಲ್ಲ ನಾನು ಬೇಕೆಂದು ಬರೆದದ್ದಲ್ಲ. ಆದರೆ ಒಪ್ಪಿಕೊಂಡರೆ ಲೇಖಕಿ ಹೇಗಾದೇನು? ಈ ವಿಮರ್ಶೆ ಸುಳ್ಳೆಂದು ತೋರಿಸಲೇಬೇಕೆಂಬ ಹಟ ಬಂತು. ಮುಂದಿನ ಭಾನುವಾರ ಮಧ್ಯಾಹ್ನ ನಮ್ಮಲ್ಲೇ ಊಟ ಎಂದು ಆಪಾ ಅವರನ್ನು ಕರೆದೇಬಿಟ್ಟೆ.

ಬಿಸಿ ರೊಟ್ಟಿ ಬಡಿದೆ, ಎಣ್ಣೆಗಾಯಿ ಮಾಡಿದೆ, ಶೇಂಗಾ ಹಿಂಡಿ ಕುಟ್ಟಿದೆ. ಆಪಾ ಬಂದರು, ಚಾಪೆಯ ಮೇಲೆ ಕೂತರು. ಬಡಿಸಿ ಎದುರಿಗೆ ಕೂತು ಅವರ ಮುಖವನ್ನೇ ನೋಡತೊಡಗಿದೆ. ಅವರು ಒಂದು ತುತ್ತು ಉಂಡ ಕೂಡಲೇ ಮದುವೆ ಮನೆಯ ಕಥೆಯ ಕೊನೆಯ ಬಗ್ಗೆ ಕೇಳುವವಳಿದ್ದೆ. ಆಪಾ ತುತ್ತು ಮುರಿದವರು ಬಾಯಿಗಿಡಲಿಲ್ಲ.

“ನಿಮ್ಮ ತಾಟು ಎಲ್ಲದರಿ?”

ಕೆಳಗೆ ನೋಡಿದೆ. ನಾನು ಇಟ್ಟಿದ್ದು ಒಂದೇ ತಾಟು. ಇನ್ನೊಂದನ್ನು ತರಲು ಎದ್ದು ಒಳಗೆ ಹೋಗಿ, ಮೇಲಿನ ಹಲಗೆಯಲ್ಲಿ ಬೋರಲು ಬಿದ್ದಿದ್ದ ತಾಯಿಯ ತಾಟಿನ ಧೂಳು ತೊಳೆಯುತ್ತಿರುವಾಗ ಹಿಂದಿನಿಂದ ಆಪಾ ಅವರ ದನಿ ಕೇಳಿತು. ತಮ್ಮ ಮಾತು ನಿಜವಾದಾಗ ವಿಮರ್ಶಕರಿಗೆ ಬರುವ ಸಮಾಧಾನ ಅದರಲ್ಲಿತ್ತು.

“ನಾ ಹೇಳಿದ್ನಲ್ರಿ.”