ಅತ್ತೆಯ ಕಣ್ಣಿಗಾಗಿ ಕೊಂಡ ಕಾರು

ಕಡೂರಿನ ಹೈಸ್ಕೂಲಿನಲ್ಲಿ ಹದಿನಾರು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಡೀಸೆಲ್ ಎಂಜಿನ್ನಿನ ಚಿತ್ರವನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬರೆಯಬಲ್ಲೆ. ಆದ್ದರಿಂದ ಏಳು ಸೀಟಿನ ಆ ಹಳೆಯ ಕಾರನ್ನು ಕೊಳ್ಳುವಾಗ ಬಾನೆಟ್ ಎತ್ತಿಸಿ, ಶಬ್ದ ಕೇಳಿ, ಎಂಜಿನ್ ಚೆನ್ನಾಗಿದೆ ಎಂದು ತೀರ್ಪು ಕೊಟ್ಟವಳು ನಾನೇ.

"ಯಾರಾದ್ರೂ ಮೆಕ್ಯಾನಿಕ್ಕಿಗೆ ತೋರ್ಸೋಣ ಕಣೇ," ಎಂದರು ನಮ್ಮ ಯಜಮಾನರು.

"ನಾನಿಲ್ವೇನ್ರೀ?" ಎಂದೆ.

ಕಾರು ಕೊಂಡದ್ದು ಅತ್ತೆಗಾಗಿ. ಎರಡೂ ಕಣ್ಣಿಗೆ ಪೊರೆ ಬಂದು, ಅಕ್ಕಿಯಲ್ಲಿನ ಕಲ್ಲು ಕಾಣದೆ, ಅವರು ತಾವಾಗಿಯೇ ಅಡುಗೆಮನೆ ಬಿಟ್ಟು ಹಜಾರದಲ್ಲಿ ಕೂತುಬಿಟ್ಟಿದ್ದರು. ತರೀಕೆರೆಯ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಬಸ್ಸಿನ ಧೂಳು ಕಣ್ಣಿಗೆ ಬೀಳಬಾರದು ಎಂಬುದು ನನ್ನ ವೈಜ್ಞಾನಿಕ ನಿಲುವು.

ಬೀರೂರು ದಾಟುವ ಮೊದಲೇ ಕಾರು ಕಪ್ಪು ಹೊಗೆ ಉಗುಳಿ ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಮೆಹಬೂಬ್ ಸಾಬರ ಗ್ಯಾರೇಜಿಗೆ ಹೋದೆವು. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಅತ್ತೆ ಎಚ್ಚರಗೊಂಡು, ಇಳಿದು, ಎದುರಿಗೆ ನಿಂತವರಿಗೆ ಕೈಮುಗಿದರು.

"ಡಾಕ್ಟ್ರೇ, ಬಲಗಣ್ಣು ಮೊದ್ಲು ನೋಡ್ರಪ್ಪಾ."

ಸಾಬರು ಗ್ರೀಸಿನ ಕೈ ಒರೆಸಿಕೊಂಡರು. "ಅಜ್ಜೀ, ನಾನು ಗಾಡಿ ರಿಪೇರಿಯವ್ನು." ಆಮೇಲೆ ನನ್ನ ಕಡೆ ತಿರುಗಿ, "ಟರ್ಬೋ ಹೋಗೈತೆ ಮೇಡಂ," ಎಂದರು.

"ಶಬ್ದ ಚೆನ್ನಾಗಿತ್ತಲ್ಲ?"

"ಶಬ್ದ ಈಗ್ಲೂ ಚೆನ್ನಾಗೈತೆ. ಗಾಡಿ ಹೋಗಲ್ಲ, ಅಷ್ಟೇ."

ನಲವತ್ತೆರಡು ಸಾವಿರ. ಬಳೆಗೆಂದು ಕೂಡಿಟ್ಟದ್ದನ್ನು ಕೊಟ್ಟೆ. ಆಪರೇಷನ್ ಮೂರು ವಾರ ಮುಂದಕ್ಕೆ ಹೋಯಿತು. ಆ ಮೂರು ವಾರದಲ್ಲಿ ಕ್ಲಚ್ಚೂ ಹೋಗಿ ಇನ್ನೊಂದು ಬಿಲ್ಲಾಯಿತು. ಅತ್ತೆ ಅಜ್ಜಂಪುರದಿಂದ ತಮ್ಮ ತಂಗಿಯನ್ನು ಜೊತೆಗೆ ಕರೆಸಿಕೊಂಡರು.

ಆಪರೇಷನ್ನಿಗೆ ಗೊತ್ತಾದ ದಿನ ಬೆಳಿಗ್ಗೆ ಅಕ್ಕತಂಗಿಯರನ್ನು ಹಿಂದೆ ಕೂರಿಸಿ ಕೀಲಿ ತಿರುಗಿಸಿದರೆ ಕಾರು ಮಿಸುಕಲಿಲ್ಲ. ಯಜಮಾನರೂ ನಾನೂ ಬಾನೆಟ್ಟಿನೊಳಗೆ ತಲೆ ಹಾಕಿದೆವು. ನಾನು ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದೆ. ಎರಡು ಗಂಟೆಯ ಮೇಲೆ ಸಾಬರು ಬೀರೂರಿನಿಂದ ಬಂದು, ಬ್ಯಾಟರಿ ಬದಲಾಯಿಸಿ, ನಾನು ಅದಲುಬದಲು ಮಾಡಿದ್ದ ವೈರುಗಳನ್ನೂ ಸರಿಪಡಿಸಿದರು. ಎಂಜಿನ್ ಗುರುಗುಟ್ಟಿತು. ಹೆಮ್ಮೆಯಿಂದ ಹಿಂದೆ ತಿರುಗಿ ನೋಡಿದೆ. ಸೀಟು ಖಾಲಿ.

ಅಕ್ಕತಂಗಿಯರು ಬಸ್ಸು ಹತ್ತಿರಬೇಕೆಂದು ನಾವಿಬ್ಬರೂ ಕಾರಿನಲ್ಲಿ ತರೀಕೆರೆಗೆ ಧಾವಿಸಿದೆವು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದರು. ಮನೆಯವರು ಸಹಿ ಹಾಕಬೇಕಾದ ಕಡೆ ತಂಗಿ ಹೆಬ್ಬೆಟ್ಟು ಒತ್ತಿದ್ದರು.

"ಹೇಳ್ದೆ ಬಂದ್ಬಿಟ್ರಲ್ಲ ಅತ್ತೆ."

"ಹೇಳ್ದೆ ಕಣಮ್ಮ, ಎರಡು ಸಲ ಹೇಳ್ದೆ. 'ಹ್ಞೂಂ ಹ್ಞೂಂ, ಐದೇ ನಿಮಿಷ' ಅಂದೆ ನೀನು."

ನನಗೆ ಅಳು ಬಂತು. ಡಾಕ್ಟರು ನನ್ನನ್ನೂ ರೋಗಿ ಎಂದುಕೊಂಡು, ಕಣ್ಣಲ್ಲಿ ಯಾವಾಗಿನಿಂದ ನೀರು ಬರುತ್ತಿದೆ ಎಂದು ವಿಚಾರಿಸಿದರು.

ಸಂಜೆ ಅತ್ತೆ ಕಾರು ಹತ್ತಲು ಒಪ್ಪಲಿಲ್ಲ. ಯಜಮಾನರು ಖಾಲಿ ಕಾರು ಓಡಿಸಿಕೊಂಡು ಹೊರಟರು. ನಾವು ಮೂವರು ಹೆಂಗಸರು ಬಸ್ಸು ಹತ್ತಿದೆವು. ಕಂಡಕ್ಟರ್ ಸೊನ್ನೆ ರೂಪಾಯಿಯ ಮೂರು ಟಿಕೆಟ್ ಹರಿದುಕೊಟ್ಟ. ಸೀಟು ಇದ್ದದ್ದು ಎರಡೇ. ಬಸ್ಸಿನಲ್ಲಿ ನಿಲ್ಲುವ ಅಭ್ಯಾಸ ತಪ್ಪಿದ್ದ ನಾನು ಮೊದಲ ತಿರುವಿನಲ್ಲೇ ಮುಗ್ಗರಿಸಿದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ ಇದ್ದ ಅತ್ತೆ ಕೈಚಾಚಿ ನನ್ನ ಮೊಣಕೈ ಹಿಡಿದುಕೊಂಡರು.

"ನೋಡ್ಕೊಂಡು ನಿಂತ್ಕೊಳಮ್ಮ," ಎಂದರು.