ಹೊಳೆಪ್ಪನ ಊರುವಾರು ಯಾದಿ

ಗುತ್ತಿಗೆ ಕಾಗದ ಹುಡುಕಿ ಹುಡುಕಿ ಸಾಕಾಗಿ ಹೊಳೆಪ್ಪ ಒಂದು ಒಳ್ಳೆಯ ಕೆಲಸ ಮಾಡಿದ. ಅದೇ ಅವನ ಗ್ರಹಚಾರ.

ಹುಕ್ಕೇರಿಯ ಒಂದು ಸರಕಾರಿ ಕಚೇರಿಯಲ್ಲಿ, ಯಾವುದೆಂದು ಕೇಳಬೇಡಿ, ಅವನು ದಫ್ತರದ ಕಾರಕೂನ. ಸರಕಾರಿ ಗುತ್ತಿಗೆಯ ಕಾಗದಗಳನ್ನು ಯಾರು ಬೇಕಾದರೂ ನೋಡಬಹುದಿತ್ತು. ಆದರೆ ಅವೆಲ್ಲ ತಾರೀಖಿನ ಪ್ರಕಾರ ಕೆಂಪು ಬಟ್ಟೆಯ ಗಂಟುಗಳಲ್ಲಿದ್ದವು. ತಾರೀಖು ಗೊತ್ತಿಲ್ಲದವರು ಧೂಳಿಗೆ ನಾಲ್ಕು ಸಲ ಸೀನಿ ಮನೆಗೆ ಹೋಗುತ್ತಿದ್ದರು. ಹೊಳೆಪ್ಪ ಎರಡು ತಿಂಗಳು ಕೂತು ಊರು, ಕೆಲಸ, ಗುತ್ತಿಗೆದಾರ ಎಂದು ಯಾದಿ ಬರೆದು ಸೋಮವಾರ ಬೆಳಿಗ್ಗೆ ಪಡಸಾಲೆಯ ಗೋಡೆಗೆ ಅಂಟಿಸಿದ.

ದೂರ ನಿಂತು ಓದಿದಾಗಲೇ ಅವನಿಗೆ ಅದು ಕಣ್ಣಿಗೆ ಬಿದ್ದದ್ದು. ಕರಿಮಡ್ಡಿಯ ಒಂದೇ ಬಾವಿಯನ್ನು ಮೂರು ಸಲ ತೋಡಲಾಗಿತ್ತು. ಮೂರೂ ಸಲ ತೋಡಿದವರು ಕಚೇರಿಯೇ ಹೆದರುವ ಗುತ್ತಿಗೆದಾರ ತಾತ್ಯಾಸಾಹೇಬರು!

"ಸತ್ರಿ ನೀವು," ಎಂದ ಶಿಪಾಯಿ ಉದ್ದಪ್ಪ. "ಹಿಂದ ಅವರ ಸುದ್ದಿಗಿ ಹೋದ ಕಾರಕೂನನ್ನ ವರ್ಗಾ ಮಾಡಿಸಿ ಅಡವ್ಯಾಗ ಒಗದ್ರು. ಅಲ್ಲಿ ಕರಡಿ ಅದಾವಂತ."

"ಕರಡಿ ಆದ್ರ ಪುಣ್ಯಾ," ಎಂದರು ಹಿರಿಯ ಕಾರಕೂನ ಜಿನಪ್ಪನವರು. "ನೌಕರಿನ ಹೋದ್ರ ಏನ್ ಮಾಡ್ತಿ?"

ಹೊಳೆಪ್ಪನ ಮನೆಯಲ್ಲಿ ಉಣ್ಣುವವರು ಏಳು ಮಂದಿ. ಅವನು ಓಡಿಹೋಗಿ ಯಾದಿಗೆ ಉಗುರು ಹಾಕಿದ. ಹೆಂಡತಿ ಕಾಸಿಕೊಟ್ಟ ಅಂಟು ಬಿಡಲಿಲ್ಲ. ಅಷ್ಟರಲ್ಲಿ ಮಂದಿ ಮುತ್ತಿತು.

"ಹರೀಬ್ಯಾಡ್ರಿ! ನಮ್ಮೂರಿಂದು ಇನ್ನಾ ಓದಿಸಿಲ್ಲಾ," ಎಂದು ಒಬ್ಬ ಹೆಂಗಸು ಅವನ ಕೈ ಹಿಡಿದಳು.

ಹೊರಗೆ ಫಟಫಟಿಯ ಸದ್ದಾಯಿತು. ತಾತ್ಯಾಸಾಹೇಬರೇ! ಹೊಳೆಪ್ಪ ಗಂಟುಗಳ ಹಿಂದೆ ಕುಕ್ಕರಗಾಲಲ್ಲಿ ಕೂತ. ಸಾಹೇಬರು ಯಾದಿಯನ್ನು ಮೇಲಿಂದ ಕೆಳಗಿನವರೆಗೆ ಓದಿದರು.

"ಹೊಳೆಪ್ಪಾ, ಬಾ ಇಲ್ಲಿ."

ಅವನು ಗೋಡೆ ಹಿಡಿದುಕೊಂಡು ಬಂದ.

"ಛಲೋ ಕೆಲಸಾ ಮಾಡೀದಿ," ಎಂದರು ಸಾಹೇಬರು, ನಗುತ್ತ. "ಒಂದ್ ಕಮ್ಮಿ ಐತಿ ನೋಡು. ಕೆಲಸಾ ಕಣ್ಣಾರೆ ನೋಡಿ ಪಂಚನಾಮೆಕ್ಕ ಸಹಿ ಹಾಕಿದವ್ರ ಹೆಸರೂ ಬರಿ. ಮಂದಿಗಿ ಯಾರನ್ನ ಕೇಳಬೇಕಂತ ತಿಳೀಲಿ."

ಹೋದ ಜೀವ ಬಂದಂತಾಯಿತು. ಹೊಳೆಪ್ಪ ಉತ್ಸಾಹದಿಂದ ಗಂಟು ಬಿಚ್ಚಿ ಕರಿಮಡ್ಡಿಯ ಮೂರು ಪಂಚನಾಮೆಗಳನ್ನು ಹೊರತೆಗೆದ.

ಆ ಕಚೇರಿಯಲ್ಲಿ ಪಂಚರು ಬೇಕಾದಾಗ ಸ್ಥಳಕ್ಕೆ ಯಾರೂ ಹೋಗುತ್ತಿರಲಿಲ್ಲ. ಬಾಗಿಲ ಹತ್ತಿರ ಕೂತವನ ಮುಂದೆ ಕಾಗದ ಹಿಡಿದರೆ ಅವನು ಓದದೆ ಸಹಿ ಮಾಡುತ್ತಿದ್ದ. ಹನ್ನೊಂದು ವರ್ಷದಿಂದ ಬಾಗಿಲ ಹತ್ತಿರ ಕೂತವನು ಹೊಳೆಪ್ಪ.

"ಬಾವಿ ಕಣ್ಣಾರೆ ನೋಡಿದ್ದೇನೆ, ನೀರು ಸಿಹಿಯಾಗಿದೆ." ಕೆಳಗೆ ಅವನದೇ ದುಂಡನೆಯ ಸಹಿ. ಮೂರರಲ್ಲೂ.

"ಲಗೂನ ಬರೀರಿ ಕಾರಕೂನ್ರ," ಎಂದಳು ಕೈ ಹಿಡಿದಿದ್ದ ಹೆಂಗಸು. "ನಾ ಕರಿಮಡ್ಡಿ ಇಂದ್ರವ್ವ. ಆ ಬಾವಿ ಎಲ್ಲೈತಿ ಅಂತ ಆ ಸಹಿ ಹಾಕಿದ ಪುಣ್ಯಾತ್ಮನ್ನ ಕೇಳಾಕ ಊರ ಮಂದಿ ಇಲ್ಲೇ ನಿಂತೈತಿ."