ಕೇಳದೆಯೇ ಬೆಳಗುವ ದೀಪದವರಿಗೆ

ಬೀಗ ತೆರೆಯುವ ಆಟದ ಪರದೆಯ ಬಲಮೂಲೆಯಲ್ಲಿ ಹಗಲಿರುಳೆನ್ನದೆ ಪರಹಿತಕ್ಕಾಗಿ ಕುಳಿತಿರುವ, ದುಂಡುಮುಖದ, ಹಳದಿ ಮೈಬಣ್ಣದ ಸುಳಿವಿನ ದೀಪದವರ ಸನ್ನಿಧಾನಕ್ಕೆ,

ಮಾನ್ಯರೇ,

ಇತ್ತ ಕಡೆ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ಕೇಳಿ ತಿಳಿಯುವ ಅಗತ್ಯ ನನಗಿಲ್ಲ, ಏಕೆಂದರೆ ಈ ಪತ್ರ ಬರೆಯುತ್ತಿರುವ ಮೇಜಿನ ಮೇಲೆಯೇ ಟ್ಯಾಬನ್ನು ಒರಗಿಸಿಟ್ಟಿದ್ದೇನೆ, ಅದರ ಮೂಲೆಯಲ್ಲಿ ತಾವು ಮಿನುಗಲು ಶುರುಮಾಡಿ ಆಗಲೇ ಸ್ವಲ್ಪ ಹೊತ್ತಾಯಿತು. ‘ಮಾನ್ಯರೇ’ ಎಂದು ಬರೆದು ಮುಂದಿನ ಮಾತಿಗಾಗಿ ಪೆನ್ನು ಕಚ್ಚುತ್ತ ಕುಳಿತ ನನ್ನನ್ನು ಕಂಡು, ಪಾಪ, ಇವಳು ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾಳೆ ಎಂದು ತಮ್ಮ ಕರುಳು ಚುರುಕ್ ಎಂದಿರಬೇಕು. ತಮ್ಮ ಮೇಲಿನ ದೂರನ್ನು ಬರೆಯುವುದಕ್ಕೂ ತಾವೇ ನೆರವಿಗೆ ಬರುವಷ್ಟು ದೊಡ್ಡ ಮನಸ್ಸಿನವರಿಗೆ ಹೀಗೊಂದು ಪತ್ರ ಬರೆಯಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ನನ್ನ ಪರಿಚಯ ತಮಗೆ ಇರಲಾರದು. ತಮ್ಮ ಲೆಕ್ಕದಲ್ಲಿ ನಾನು ಬೀಗ ಹಾಕಿದ ಕೋಣೆಯೊಳಗೆ ಮೇಜಿನ ಡ್ರಾಯರ್ ಎಳೆದು, ಚಾಪೆ ಎತ್ತಿ, ಹೂದಾನಿ ಬೋರಲು ಹಾಕಿ ಕೀಲಿ ಹುಡುಕುವ ಒಂದು ಬೆರಳು ಮಾತ್ರ. ಆ ಬೆರಳಿನ ಹಿಂದಿರುವವಳು ಕೃತಕ ಹಲ್ಲು ತಯಾರಿಸುವ ಲ್ಯಾಬೊಂದರಲ್ಲಿ ಮೇಣದ ಹಲ್ಲು ಕೆತ್ತುತ್ತಿದ್ದಳು. ಅಲ್ಲಿಯ ಮಾಲೀಕರು ಕೆಟ್ಟವರೇನಲ್ಲ, ಕೆತ್ತುವವಳ ಬೆನ್ನ ಹಿಂದೆ ಬಂದು ನಿಂತು, ದವಡೆಹಲ್ಲಿನ ಏರುತಗ್ಗು ಇನ್ನೂ ಮೂಡುತ್ತಿರುವಾಗಲೇ “ಆಯ್ತಾ?” ಎಂದು ಕೇಳುವುದನ್ನು ಬಿಟ್ಟರೆ ಅವರಿಗೆ ಬೇರೆ ಯಾವ ದುರಭ್ಯಾಸವೂ ಇರಲಿಲ್ಲ. ಆಯ್ತಾ, ಆಯ್ತಾ ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ಅರ್ಧ ಮೂಡಿದ ಹಲ್ಲಿಗೇ ನಾನು ಆಯ್ತು ಎಂದುಬಿಟ್ಟ ದಿನ ಏಪ್ರನ್ ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಮರುದಿನ ಹೋಗಲಿಲ್ಲ.

ಹೋಗದಿದ್ದರೆ ಮುಂದೇನು ಎಂಬುದು ನನಗೆ ಗೊತ್ತಿರಲಿಲ್ಲ, ಆದರೆ ಉಳಿದವರಿಗೆಲ್ಲ ಗೊತ್ತಿತ್ತು. ಅಮ್ಮ ತಟ್ಟೆ ಇಡುವ ಸದ್ದಿನಲ್ಲೇ ಎಲ್ಲವನ್ನೂ ಹೇಳಿದಳು. ಪಕ್ಕದ ಬೀದಿಯ ದೊಡ್ಡಮ್ಮ ದಿನಕ್ಕೊಂದು ಹೊಸ ಉದ್ಯೋಗದೊಂದಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಅದನ್ನು ನನಗೆ ಒಪ್ಪಿಸಿ, ಕೂರಲು ಹೇಳಿದ ಮೇಲೆ ಅದರ ಲಾಭಗಳನ್ನು ವಿವರಿಸಿದರು. ಇವೆಲ್ಲದರ ನಡುವೆ ಮಾಲೀಕರೂ ಅದೇ ದೊಡ್ಡಮ್ಮನ ಮೂಲಕ, ಈ ವಾರದೊಳಗೆ ಉತ್ತರ ಬರದಿದ್ದರೆ ನನ್ನ ಸ್ಟೂಲಿನ ಮೇಲೆ ಬೇರೆಯವರು ಕೂರುತ್ತಾರೆಂದು ಹೇಳಿಕಳಿಸಿದರು. “ನಿನ್ನ ಪರವಾಗಿ ನಾನೇ ಹೂಂ ಅಂದುಬಿಡ್ಲೇನೇ?” ಎಂದು ದೊಡ್ಡಮ್ಮ ಕೇಳಿಯೂ ಬಿಟ್ಟರು. ನನಗೆ ಬೇಕಾಗಿದ್ದದ್ದು ಇಷ್ಟೇ: ಬೇರೆ ಯಾರಾದರೂ ಉತ್ತರ ತಂದು ಕೈಗೆ ತುರುಕುವ ಮೊದಲು ನನ್ನ ಉತ್ತರವನ್ನು ನಾನೇ ಹುಡುಕಿಕೊಳ್ಳುವುದು.

ಇನ್ನು ಅಪ್ಪ. ಅಪ್ಪ ಲಿಫ್ಟ್ ಮೆಕ್ಯಾನಿಕ್. ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಾಗ ಒಳಗಿದ್ದವರನ್ನು ಹೊರಗೆ ತೆಗೆಯುವುದು ಅವರ ಕೆಲಸದ ಒಂದು ಭಾಗ, ಮತ್ತು ಅದಕ್ಕೊಂದು ಪದ್ಧತಿಯಿದೆ: ಬಾಗಿಲು ತೆರೆಯುವವರೆಗೂ ಹೊರಗಿನವನು ಮಾತು ನಿಲ್ಲಿಸಕೂಡದು. ಹವಾಮಾನ, ರಸ್ತೆ ಅಗೆತ, ಒಳಗಿದ್ದವರ ಮಕ್ಕಳ ಓದು, ಏನಾದರೂ ಸರಿ, ದನಿ ಮಾತ್ರ ಕೇಳಿಸುತ್ತಿರಬೇಕು. ಹಾಗಾಗಿ ನಾನು ಕೆಲಸ ಬಿಟ್ಟು ಕೋಣೆ ಸೇರಿದ ದಿನದಿಂದ ಅಪ್ಪ ಸಂಜೆ ಮನೆಗೆ ಬಂದವರೇ ನನ್ನ ಬಾಗಿಲ ಹೊರಗೆ ನಿಂತು ಮಾತು ಶುರುಮಾಡಿದರು. “ಗಾಬರಿ ಆಗ್ಬೇಡಮ್ಮ, ನಾನಿಲ್ಲೇ ಇದ್ದೀನಿ. ಒಳಗೆ ಗಾಳಿ ಆಡ್ತಾ ಇದೆ ತಾನೆ?” ಎಂದು ಒಮ್ಮೆ ಕೇಳಿದರು. ನನ್ನ ಬಾಗಿಲಿಗೆ ಚಿಲಕವನ್ನೂ ಹಾಕಿರಲಿಲ್ಲ, ಕಿಟಕಿ ಪೂರ್ತಿ ತೆರೆದಿತ್ತು.

ಇಂಥ ಹೊತ್ತಿನಲ್ಲಿ ನನಗೆ ಸಿಕ್ಕಿದ್ದು ತಮ್ಮ ಆಟ. ಒಬ್ಬಳೇ ಆಡುವ ಆಟ, ಶತ್ರುಗಳಿಲ್ಲ, ಗಡಿಯಾರ ಓಡುವುದಿಲ್ಲ, ಗೆದ್ದವರ ಪಟ್ಟಿಯಿಲ್ಲ. ಒಂದು ಕೋಣೆ, ಒಂದು ಬೀಗ, ಹಿನ್ನೆಲೆಯಲ್ಲಿ ಯಾರೋ ಸೋಮಾರಿ ಬೆರಳಿನಿಂದ ನುಡಿಸಿದ ಪಿಯಾನೋ. “ಮನೆಯಲ್ಲಿ ಕೂತಿರೋದೇ ಸಾಲದಾ, ಇನ್ನೊಂದು ಕೋಣೆಗೆ ಹೋಗಿ ಬೀಗ ಹಾಕ್ಕೋಬೇಕಾ?” ಎಂದು ದೊಡ್ಡಮ್ಮ ಕೇಳಿದ್ದರಲ್ಲಿ ನ್ಯಾಯವಿದೆ. ಅದಕ್ಕೆ ಉತ್ತರವನ್ನು ತಮಗೆ ಹೇಳುತ್ತೇನೆ. ಆ ಕೋಣೆಯಲ್ಲಿ ಒಂದು ಕತ್ತರಿ ಬಿದ್ದಿದ್ದರೆ ಅದು ಸುಮ್ಮನೆ ಬಿದ್ದಿರುವುದಿಲ್ಲ, ಎಲ್ಲೋ ಒಂದು ದಾರ ಅದಕ್ಕಾಗಿ ಕಾಯುತ್ತಿರುತ್ತದೆ. ಹೊರಗಿನ ಲೋಕದಲ್ಲಿ ನನ್ನನ್ನೂ ಸೇರಿಸಿ ಎಷ್ಟೋ ಸಾಮಾನುಗಳಿಗೆ ಆ ಭರವಸೆಯಿಲ್ಲ. ಆಟದಲ್ಲಿ ತಪ್ಪು ಕೀಲಿಯನ್ನು ಎಷ್ಟು ಸಲ ತಿರುಗಿಸಿದರೂ ಬೀಗ ಮುಖ ಸಿಂಡರಿಸುವುದಿಲ್ಲ. ನಾನಿದ್ದ ಲ್ಯಾಬಿನಲ್ಲಿ ಕೂದಲೆಳೆಯಷ್ಟು ತಪ್ಪಿದ ಹಲ್ಲು ಡಾಕ್ಟರ ಫೋನಿನ ಸಮೇತ ವಾಪಸು ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗೊತ್ತಾಗುವುದಕ್ಕೆ ಸ್ವಲ್ಪ ಮೊದಲು ಒಂದು ಹೊತ್ತಿದೆಯಲ್ಲ, ಏನೂ ಗೊತ್ತಿಲ್ಲ ಆದರೂ ಭಯವಾಗುತ್ತಿಲ್ಲ ಎನ್ನುವ ಹೊತ್ತು, ಅದಕ್ಕಾಗಿ ನಾನು ಆಡುತ್ತಿದ್ದೆ. ಬಾಗಿಲು ತೆರೆಯುವುದು ನೆಪ.

ಆ ಹೊತ್ತಿನೊಳಗೆ, ಮಾನ್ಯರೇ, ತಾವು ಕಾಲಿಟ್ಟಿರಿ.

ಆಟದೊಳಗಿನ ಗಡಿಯಾರ ರಿಪೇರಿಯವನ ಕೋಣೆಯಲ್ಲಿ ನಾನು ಗೋಡೆಯ ಗಡಿಯಾರಗಳನ್ನು ನೋಡುತ್ತ ಹಾಯಾಗಿ ಒರಗಿದ್ದೆ. ತಾವು ಮಿನುಗಿದಿರಿ. ನಾನು ಅಲುಗಲಿಲ್ಲ. ತಾವು ಇನ್ನೂ ಜೋರಾಗಿ ಮಿನುಗಿ, ಸುತ್ತಲೂ ಕಿರಣಗಳನ್ನು ಬಿಟ್ಟು, ಕೊನೆಗೆ ತಾಳ್ಮೆ ತಪ್ಪಿ, ಲೋಲಕದ ಹಿಂದೆ ನೋಡಮ್ಮ ಎಂದು ಬಾಣದ ಗುರುತನ್ನೇ ಎಳೆದುಬಿಟ್ಟಿರಿ. ಹಡಗಿನ ಕ್ಯಾಬಿನ್ನಿನಲ್ಲಿದ್ದಾಗ ಒಲೆಯ ಮೇಲಿನ ಹಾಲು ಉಕ್ಕುತ್ತದೆಂದು ಅಡುಗೆಮನೆಗೆ ಓಡಿ ಬರುವಷ್ಟರಲ್ಲಿ ತಾವು ಪೆಟ್ಟಿಗೆಯ ಮುಚ್ಚಳವನ್ನೇ ತೆರೆದು ತೋರಿಸಿ ಮುಗಿಸಿದ್ದಿರಿ. ಇಷ್ಟಾದ ಮೇಲೆ ಕೋಣೆ ಗೆದ್ದವರಿಗೆ ಕೊಡುವ ಪ್ರಶಸ್ತಿಪತ್ರದ ಕೆಳಗೆ ಸಣ್ಣಕ್ಷರದಲ್ಲಿ ‘ಸುಳಿವಿನ ಸಹಾಯದಿಂದ’ ಎಂದು ಬರೆದಿರಿ ನೋಡಿ, ಆಗ ನನ್ನ ಮೈ ಉರಿದುಹೋಯಿತು. ನಾನು ಸಿಕ್ಕಿಹಾಕಿಕೊಂಡಿರಲಿಲ್ಲ, ಸ್ವಾಮಿ. ಕೂತಿದ್ದೆ. ಇವೆರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆಂದು ಎಲ್ಲರೂ ಒಂದೇ ಥರ ಓಡಿಬಂದರೆ ಹೇಗೆ?

ತಮ್ಮ ಆಟದಿಂದ ನನಗೆ ಆದ ಲಾಭಗಳನ್ನು ಮರೆಮಾಚುವಷ್ಟು ಕೃತಘ್ನಳಲ್ಲ ನಾನು. ಎಲ್ಲಿಗೆ ಹೋದರೂ ವಸ್ತುಗಳನ್ನು ಗಮನಿಸುವ ಗುಣ ಬೆಳೆಯಿತು. ದೊಡ್ಡಮ್ಮನ ಮನೆಯಲ್ಲಿ ಅವರು ಒಳಗೆ ಹೋದಾಗ, ಗೋಡೆಯ ಮೇಲೆ ಸ್ವಲ್ಪ ಓರೆಯಾಗಿ ತೂಗುತ್ತಿದ್ದ ದೊಡ್ಡಪ್ಪನ ಫೋಟೋವನ್ನು ಎತ್ತಿ ಹಿಂದೆ ಇಣುಕಿದೆ. ಆಟದಲ್ಲಿ ಓರೆಯಾಗಿ ತೂಗುವ ಚಿತ್ರದ ಹಿಂದೆ ಏನಾದರೊಂದು ಇದ್ದೇ ಇರುತ್ತದೆ. ಅಲ್ಲಿಯೂ ಇತ್ತು, ಒಂದು ಹಲ್ಲಿ. ಅದು ನನ್ನ ತೋಳಿನ ಮೇಲೆ ಹಾರಿತು, ನಾನು ಕಿರುಚಿದೆ, ಕೈಯಲ್ಲಿ ದೊಡ್ಡಪ್ಪನ ಫೋಟೋ ಹಿಡಿದು ಕುಣಿಯುತ್ತಿದ್ದ ನನ್ನನ್ನು ಬಾಗಿಲಲ್ಲಿ ನಿಂತು ನೋಡಿದ ದೊಡ್ಡಮ್ಮ, ಕೆಲಸ ಬಿಟ್ಟವರಿಗೆ ಹೀಗೆಲ್ಲ ಆಗುವುದುಂಟೆಂದು ಅಮ್ಮನಿಗೆ ಆ ಸಂಜೆಯೇ ವರದಿ ಒಪ್ಪಿಸಿದರು. ಇದರ ಕೀರ್ತಿಯಲ್ಲಿ ತಮ್ಮ ಪಾಲೂ ಇದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಕೋರಿಕೆಗಳು. ಇನ್ನು ಮುಂದೆ ಮಿನುಗುವ ಮೊದಲು ದಯವಿಟ್ಟು ಒಮ್ಮೆ ಕೆಮ್ಮಿರಿ. ಸಭ್ಯ ಮನುಷ್ಯರು ಬೇರೆಯವರ ಕೋಣೆಗೆ ಹಾಗೆಯೇ ಬರುತ್ತಾರೆ. ನಾನಾಗಿಯೇ ಸೋತು ಸುಳಿವು ಕೇಳಿದರೂ ಗೊತ್ತಿದ್ದೂ ಗೊತ್ತಿಲ್ಲವೆಂದು ತಲೆ ಕೆರೆದುಕೊಳ್ಳಿ. ತಲೆಯ ತುಂಬ ಬೆಳಕೇ ಇರುವ ತಮಗೆ ಇದು ಕಷ್ಟವೆಂದು ಬಲ್ಲೆ, ಪ್ರಯತ್ನಿಸಿ. ವರ್ಷಕ್ಕೊಮ್ಮೆಯಾದರೂ ತಾವೇ ಒಂದು ಕೋಣೆಯಲ್ಲಿ ಸಿಕ್ಕಿಕೊಳ್ಳಿ, ನಾನು ಹೊರಗೆ ಕುರ್ಚಿ ಹಾಕಿಕೊಂಡು ಚಿಟಿಕೆ ಹೊಡೆಯುತ್ತ, ಆಯ್ತಾ, ಆಯ್ತಾ ಎಂದು ಕೇಳುತ್ತಿರುತ್ತೇನೆ. ರಜೆ ಸಿಕ್ಕಿದರೆ ದೊಡ್ಡಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದುಹೋಗಿ. ಒಬ್ಬರಿಗೊಬ್ಬರು ದಾರಿ ತೋರಿಸಿಕೊಂಡು ಇಬ್ಬರೂ ಸುಖವಾಗಿರಬಹುದು, ಊರೂ ಸುಖವಾಗಿರಬಹುದು.

ಈ ಕೋರಿಕೆಗಳು ಈಡೇರುವವರೆಗೆ ಕಾಯಲಾಗದೆ ನಾನೊಂದು ಅಪಚಾರವೆಸಗಿದ್ದನ್ನೂ ತಿಳಿಸಬೇಕು. ಕೊನೆಯ ಕೋಣೆಯನ್ನು ಸುಳಿವಿಲ್ಲದೆ ತೆರೆಯಲೇಬೇಕೆಂದು ಪಣತೊಟ್ಟು, ಗಾಯಕ್ಕೆ ಹಾಕುವ ಪಟ್ಟಿಯೊಂದನ್ನು ತಮ್ಮ ಮುಖದ ಮೇಲೆ ಅಂಟಿಸಿದೆ. ಅದೊಂದು ಆಟಿಕೆ ಮಾಡುವವನ ಕೋಣೆ. ಮರದ ಆನೆಗಳು, ತಕ್ಕಡಿ, ಮೇಜಿನ ಮೇಲೆ ಉರಿಯುವ ಒಂದು ದೀಪ, ಗೋಡೆಯ ಮೇಲೆ ಮಾಸಿದ ಹಸಿರು ಕಲೆಗಳು, ಅಂಕಿಗಳ ಬೀಗ ಹಾಕಿದ ಬಾಗಿಲು. ನಾನು ಆನೆಗಳನ್ನು ತೂಗಿದೆ, ಸಾಲಾಗಿ ನಿಲ್ಲಿಸಿದೆ, ಬೋರಲು ಹಾಕಿದೆ. ಅಂಕಿಗಳು ಸಿಗಲಿಲ್ಲ.

ಆ ಸಂಜೆ ಅಪ್ಪ ಬಾಗಿಲ ಹೊರಗೆ ನಿಂತು ರಸ್ತೆ ಅಗೆತದ ಬಗ್ಗೆ ಮಾತಾಡುತ್ತಿದ್ದವರು, ನನ್ನಿಂದ ಹೂಂ ಎಂಬುದೂ ಬರದಿದ್ದಾಗ ಮೆಲ್ಲನೆ ಒಳಗೆ ಬಂದು ಮಂಚದ ಅಂಚಿನಲ್ಲಿ ಕುಳಿತರು. ಆಟ ಏನೆಂದು ಕೇಳಿದರು, ಹೇಳಿದೆ. ಮೂಲೆಯಲ್ಲಿ ಪಟ್ಟಿ ಯಾಕೆಂದು ಕೇಳಿದರು, ಅದನ್ನೂ ಹೇಳಿದೆ. ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು. ಅವರ ಬಾಯಿ ತೆರೆಯಿತು. ಮುಚ್ಚಿತು. ಆಮೇಲೆ ಅವರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಭಾರ ಹಾಕಿ ಕುಳಿತು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಜೀವಮಾನವಿಡೀ ಜನರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದ ಆ ಮನುಷ್ಯ ಒಂದು ಮಾತೂ ಆಡದೆ ಅಷ್ಟು ಹೊತ್ತು ಕುಳಿತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ನನಗೂ ಅವಸರ ತಪ್ಪಿತು. ಕೋಣೆಯನ್ನು ಮೊದಲಿನಿಂದ ನೋಡುತ್ತ ಬಂದೆ. ನಾನು ಮುಟ್ಟದೆ ಬಿಟ್ಟದ್ದು ಆ ಮೇಜಿನ ದೀಪ ಒಂದನ್ನೇ. ಹುಡುಕುವಾಗ ಬೆಳಕನ್ನು ಯಾರಾದರೂ ಆರಿಸುತ್ತಾರೆಯೇ? ಆರಿಸಿದೆ. ಕತ್ತಲಾಯಿತು. ಗೋಡೆಯ ಮೇಲಿನ ಮಾಸಿದ ಹಸಿರು ಕಲೆಗಳೆಲ್ಲ ಅಂಕಿಗಳಾಗಿ ಹೊಳೆದವು. ಬಾಗಿಲು ತೆರೆಯಿತು, ಪ್ರಶಸ್ತಿಪತ್ರ ಬಂತು, ಅದರ ಕೆಳಗೆ ಸಣ್ಣಕ್ಷರ ಇರಲಿಲ್ಲ.

ಅಪ್ಪ “ಅಬ್ಬಾ” ಎಂದು ಕೈಗಳನ್ನು ಹೊರಗೆ ತೆಗೆದು ಉಜ್ಜಿಕೊಂಡರು. ಅವರಿಗೆ ಮೊದಲೇ ಗೊತ್ತಿತ್ತಂತೆ. ಕರೆಂಟು ಹೋದಾಗ ಹೊಳೆಯಲೆಂದು ಲಿಫ್ಟು ಏರಿಳಿಯುವ ಬಾವಿಯಂಥ ಕಿಂಡಿಯ ಗೋಡೆಗೆ ಅಂಥದೇ ಹಸಿರು ಪಟ್ಟಿಗಳನ್ನು ಅಂಟಿಸುವುದು ಅವರ ನಿತ್ಯದ ಕೆಲಸ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಸಿಕ್ಕಿಹಾಕ್ಕೊಂಡೋರು ಬಾಗಿಲು ಗುದ್ತಾರಮ್ಮ. ನೀನು ಗುದ್ತಾ ಇರ್ಲಿಲ್ಲ” ಎಂದರು.

ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಕೆಲಸ ಬಿಟ್ಟಾಗಿನಿಂದ ಹೇಳಲಾಗದ ಮಾತು ಆಗ ತಾನಾಗಿ ಬಾಯಿಗೆ ಬಂತು. “ಅಪ್ಪ, ಹಳೇ ಲ್ಯಾಬಿಗೆ ಹೋಗಲ್ಲ. ಹಲ್ಲು ಕೆತ್ತೋದು ಮಾತ್ರ ಬಿಡಲ್ಲ. ಈ ಕಿಟಕಿ ಹತ್ರ ಒಂದು ಮೇಜು ಹಾಕ್ಕೊಂಡು, ಅವಸರ ಮಾಡದ ಡಾಕ್ಟರುಗಳಿಗೆ ಇಲ್ಲಿಂದಾನೇ ಕೆತ್ತಿಕೊಡ್ತೀನಿ” ಎಂದೆ. ಅಂಥ ಡಾಕ್ಟರು ಎಲ್ಲಿದ್ದಾರೆ, ಮೇಣ ಕರಗಿಸುವ ವಾಸನೆಗೆ ನಿನ್ನಮ್ಮ ಏನಂತಾಳೆ, ಮಳೆಗಾಲದಲ್ಲಿ ಈ ಕಿಟಕಿಯಿಂದ ಎಷ್ಟು ಬೆಳಕು ಬರುತ್ತೆ, ಎಲ್ಲ ಪ್ರಶ್ನೆಗಳೂ ಅಪ್ಪನ ಮುಖದ ಮೇಲೆ ಒಂದರ ಹಿಂದೊಂದು ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಅವರು ಎದ್ದು ನಿಂತು, “ಸರಿ” ಎಂದರು. ಬಾಗಿಲು ಎಳೆದುಕೊಂಡು ಹೋದರು. ಹೊರಗೆ ಯಾವ ಮಾತೂ ಕೇಳಿಸಲಿಲ್ಲ.

ಗೆದ್ದ ಮೇಲೆ ದಾಕ್ಷಿಣ್ಯಕ್ಕೆ ತಮ್ಮ ಮುಖದ ಪಟ್ಟಿಯನ್ನು ಕಿತ್ತಿದ್ದೇನೆ. ಮೊದಲ ಕೋಣೆಯನ್ನೇ ಇನ್ನೊಮ್ಮೆ ತೆರೆದಿಟ್ಟಿದ್ದೇನೆ, ಆಡುವ ಉದ್ದೇಶ ಸದ್ಯಕ್ಕಿಲ್ಲ, ಸುಮ್ಮನೆ ಕೂರುವ ಉದ್ದೇಶವಿದೆ. ತಾವು ಸಹಿಸಿಕೊಳ್ಳುವಿರೆಂದು ನಂಬಿ, ನಂಬಿಕೆಯಿಲ್ಲದೆಯೂ ವಂದನೆಗಳನ್ನು ಸಲ್ಲಿಸುವ,

ತಮ್ಮ ವಿಶ್ವಾಸಿ,
ಕೂತಿದ್ದವಳು

ಮರೆತ ಮಾತು: ಈ ಪತ್ರವನ್ನು ಮಡಚುವ ಮೊದಲು ಆಟದ ಸೆಟ್ಟಿಂಗ್ಸ್ ತೆರೆದು ನೋಡಿದೆ. ಮೂರನೆಯ ಪುಟದ ತಳದಲ್ಲಿ ತಮ್ಮನ್ನು ಆರಿಸುವ ಗುಂಡಿಯೊಂದು ಮೊದಲ ದಿನದಿಂದಲೂ ಇತ್ತೆಂದು ಗೊತ್ತಾಯಿತು. ಲೋಲಕದ ಹಿಂದಿನ ಕೀಲಿಯನ್ನೂ ಪೆಟ್ಟಿಗೆಯ ಮುಚ್ಚಳವನ್ನೂ ಕೇಳದೆಯೇ ತೋರಿಸಿಕೊಟ್ಟ ತಾವು, ಆ ಗುಂಡಿಯ ಬಗ್ಗೆ ಒಂದೇ ಒಂದು ಸಲವೂ ಮಿನುಗಲಿಲ್ಲವಲ್ಲ!